ಲಾರಿ ಬರುವ ಮುಂಚೆ ನೆಲ ಸಿದ್ಧವಿರಲಿ

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಲ್ಯಾಬಿನಲ್ಲಿ ಕಬ್ಬಿಣದ ಸರಳು, ಕಾಂಕ್ರೀಟ್ ಕ್ಯೂಬ್ ಪರೀಕ್ಷೆ ಮಾಡುವುದು ನನ್ನ ಕೆಲಸ. 1000 ಕಿಲೋನ್ಯೂಟನ್, ಅಂದರೆ ಸುಮಾರು ನೂರು ಟನ್ ಬಲದ ಯುಟಿಎಂ (ಸರಳು ಎಳೆದು, ಕ್ಯೂಬ್ ಒತ್ತಿ ಪರೀಕ್ಷಿಸುವ ಮೆಷಿನ್) ಕೂರಿಸಲು ಜಾಗ ನೋಡುತ್ತಿರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಕಂಪನಿಯ ಫೌಂಡೇಶನ್ ಡ್ರಾಯಿಂಗ್ ಕೈಗೆ ಬರುವ ತನಕ ಒಂದು ಬುಟ್ಟಿ ಮಣ್ಣೂ ತೆಗೆಯಬೇಡಿ.

"ನೂರು ಟನ್ನಿನ ಮೆಷಿನ್, ನೆಲ ತಡೆಯುತ್ತಾ?" ಎಂದು ಎಲ್ಲರೂ ಹೆದರುತ್ತಾರೆ. ಆ ನೂರು ಟನ್ ನೆಲಕ್ಕೆ ಬರುವುದೇ ಇಲ್ಲ. ಎಳೆತ, ಒತ್ತಡ ಎರಡೂ ಮೆಷಿನ್ನಿನ ಚೌಕಟ್ಟಿನೊಳಗೇ ಮುಗಿಯುತ್ತವೆ. ನೆಲ ಹೊರಬೇಕಾದದ್ದು ಮೆಷಿನ್ನಿನ ಸ್ವಂತ ತೂಕ, ಕೆಲವು ಟನ್ ಅಷ್ಟೆ. ಜೊತೆಗೆ ಸರಳು ತುಂಡಾಗುವಾಗಿನ ಹೊಡೆತ. 25 ಮಿ.ಮೀ. ಸರಳು ತುಂಡಾದರೆ ಪಕ್ಕದ ಕೋಣೆಯವರೂ ಬೆಚ್ಚುತ್ತಾರೆ. ಅದಕ್ಕೇ ಬೆಡ್ಡನ್ನು, ಅಂದರೆ ಮೆಷಿನ್ ಕೂರುವ ಕಾಂಕ್ರೀಟ್ ಕಟ್ಟೆಯನ್ನು, ಕೋಣೆಯ ನೆಲಕ್ಕೆ ಸೇರಿಸಬೇಡಿ. ಸುತ್ತ ಸಂದು ಬಿಟ್ಟು ಥರ್ಮಾಕೋಲ್ ಇಡಿ.

ನಮ್ಮ ಕಡೆ ಅಗೆದರೆ ಮುರಕಲ್ಲು (ಜಂಬಿಟ್ಟಿಗೆ). ಗಟ್ಟಿ ಮುರ ಸಿಕ್ಕಿದರೆ ಒಳ್ಳೆಯದೇ. ಆದರೆ ಅದರಡಿಯಲ್ಲಿ ಶೇಡಿ ಮಣ್ಣು ಇರುತ್ತದೆ. ಬೇಸಿಗೆಯಲ್ಲಿ ಕಲ್ಲಿನ ಹಾಗೆ ಕಾಣುತ್ತದೆ, ನೀರು ತಾಗಿದರೆ ಸೋತುಹೋಗುತ್ತದೆ. ಗುಂಡಿಯ ತಳಕ್ಕೆ ನೀರು ಹೊಯ್ದು, ಮರುದಿನ ಹಾರೆ ಹಾಕಿ ನೋಡಿ. ಹಾರೆ ಸುಮ್ನೆ ಇಳಿದರೆ ಆ ಮಣ್ಣು ತೆಗೆದು ಪಿಸಿಸಿ (ಸರಳು ಹಾಕದ ಕಾಂಕ್ರೀಟ್) ತುಂಬಿಸಬೇಕು. ಈ ಕೆಲಸ ಜನವರಿ, ಫೆಬ್ರವರಿಯಲ್ಲೇ ಆಗಲಿ. ಜೂನ್‌ನಲ್ಲಿ ಗುಂಡಿ ತೆಗೆದರೆ ಅದು ಕೆರೆ.

ಬೋಲ್ಟ್‌ಗಳನ್ನು ಮೊದಲೇ ಕಾಂಕ್ರೀಟಿನಲ್ಲಿ ಹೂಳಬೇಡಿ. ಹಿಂದೆ ನಾನಿದ್ದ ಲ್ಯಾಬಿನಲ್ಲಿ ಹಾಗೆ ಮಾಡಿದ್ದರು. ಮೆಷಿನ್ ಇಳಿಸಿದಾಗ ಎರಡು ತೂತು ಒಂದು ಬೆರಳಿನಷ್ಟು ಆಚೆ. ಎರಡು ದಿನ ಬೆಡ್ ಒಡೆದದ್ದನ್ನು ಕಣ್ಣಾರೆ ಕಂಡವನು ನಾನು. ಬೋಲ್ಟ್ ಬರುವಲ್ಲೆಲ್ಲ ಪ್ಲಾಸ್ಟಿಕ್ ಸುತ್ತಿದ ಮರದ ಪೆಟ್ಟಿಗೆ ಇಟ್ಟು ಕಾಂಕ್ರೀಟ್ ಹಾಕಿ. ಹಾಕುವ ಮೊದಲು ಮೂಲೆಯಿಂದ ಮೂಲೆಗೆ ನೂಲು ಹಿಡಿದು ನೋಡಿ, ಎರಡೂ ಅಳತೆ ಒಂದೇ ಬರಬೇಕು. 28 ದಿನ ಬಿಡಿ. ಮೊದಲೆರಡು ವಾರ ಒದ್ದೆ ಗೋಣಿ ಹೊದಿಸಿ. ಮೆಷಿನ್ ಕೂತ ಮೇಲೆ ರಸಮಟ್ಟ ಇಟ್ಟು, ಪ್ಯಾಕಿಂಗ್ ಕೊಟ್ಟು ಸಮ ಮಾಡಿ, ಆಮೇಲೆ ಪೆಟ್ಟಿಗೆ ತೆಗೆದ ಗುಂಡಿಗಳಲ್ಲಿ ಬೋಲ್ಟ್ ನಿಲ್ಲಿಸಿ, ಸುತ್ತ ಕುಗ್ಗದ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬಿಸಿ. ಕಂಬ ಓರೆಯಾದರೆ ಬಲವೂ ಓರೆಯಾಗುತ್ತದೆ, ಅಲ್ವಾ?

ಬಾಗಿಲು, ಗೇಟು, ಲಾರಿ ತಿರುಗುವ ಜಾಗ ಎಲ್ಲ ಟೇಪ್ ಹಿಡಿದೇ ಅಳೆಯಿರಿ. ತಲೆಯ ಮೇಲೆ ಚೈನ್ ಪುಲ್ಲಿಗೂ ಎತ್ತರ ಬೇಕು.

ಕರೆಂಟಿಗೆ 415 ವೋಲ್ಟ್ ತ್ರೀ ಫೇಸ್, ಬೋರ್ಡಿನಿಂದಲೇ ಬೇರೆ ಲೈನ್. ಫೇಸ್ ಅದಲುಬದಲಾದರೆ ಮೆಷಿನ್ನಿಗೆ ಎಣ್ಣೆ ಒತ್ತುವ ಪಂಪಿನ ಮೋಟರ್ ಉಲ್ಟಾ ತಿರುಗುತ್ತದೆ. ಮೊದಲ ಸಲ ಒಂದೇ ಕ್ಷಣ ಸ್ವಿಚ್ ಹಾಕಿ ತೆಗೆದು, ಬಾಣದ ಗುರುತಿನ ಕಡೆಗೇ ತಿರುಗಿತೇ ನೋಡಿ. ಅರ್ತಿಂಗನ್ನು ಏಪ್ರಿಲ್‌ನಲ್ಲಿ ಅಳೆಸಿ. ಮಳೆಗಾಲದಲ್ಲಿ ಚೆನ್ನಾಗಿ ಕಾಣುವ ಅರ್ತಿಂಗ್ ಒಣ ಮುರಮಣ್ಣಿನಲ್ಲಿ ಕೈಕೊಡುತ್ತದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ಇದೆಯಲ್ಲ, ಕಂಪ್ಯೂಟರಿಗೆ ಸರ್ಜ್ ಪ್ರೊಟೆಕ್ಟರ್ ಬೇಕೇ ಬೇಕು.

ಸರಳಿನ ಎಳೆತದ ಪರೀಕ್ಷೆ ಮಾಡುವ ಕೋಣೆ 10ರಿಂದ 35 ಡಿಗ್ರಿ ಒಳಗಿರಬೇಕು. ನಮ್ಮ ತಗಡಿನ ಮಾಡಿನ ಕೆಳಗೆ ಮಾರ್ಚ್ ಮಧ್ಯಾಹ್ನ ಇದು ಕಷ್ಟ, ಹಾಗಾಗಿ ಫಾಲ್ಸ್ ಸೀಲಿಂಗ್ ಹಾಕಿಸಿ.

ಎಲ್ಲ ಮುಗಿದ ಮೇಲೆ, ಕೂತ ಜಾಗದಲ್ಲೇ ಕ್ಯಾಲಿಬ್ರೇಷನ್, ಅಂದರೆ ಮೆಷಿನ್ ತೋರಿಸುವ ಬಲ ಸರಿಯೇ ಎಂಬ ಪರೀಕ್ಷೆ. ಫ್ಯಾಕ್ಟರಿಯ ಸರ್ಟಿಫಿಕೇಟನ್ನು ನಂಬಿ ಕೂರಬೇಡಿ. ಹೊಸದು ಕೈಗೆ ಬರುವ ತನಕ ಯಾರ ಸರಳನ್ನೂ ರಿಪೋರ್ಟಿಗೆಂದು ಎಳೆಯಬೇಡಿ.