ಪಿವಿಸಿ ಪೈಪಿನಲ್ಲಿ ಮೋಹನ: ಆರು ಮಕ್ಕಳು, ಆರು ಸ್ವರ

ಮಂಗಳೂರಿನ ಹೈಸ್ಕೂಲು ಮಕ್ಕಳ ಪ್ರಾಜೆಕ್ಟಿಗೆ ನಾವು ಆರಿಸಿದ್ದು ಬಾಯಿಗೆ ಚಪ್ಪಲಿಯಿಂದ ಬಡಿದು ನುಡಿಸುವ ಪೈಪು. ಮೋಹನ ರಾಗದ ಸ ರಿ ಗ ಪ ದ, ಮೇಲೊಂದು ಸ. ತಲೆಗೊಂದು ಸ್ವರ. ಈ ರಾಗದಲ್ಲಿ ಯಾರು ಯಾವಾಗ ಬಡಿದರೂ ಕಿವಿಗೆ ಕರ್ಕಶವಾಗುವುದಿಲ್ಲ, ಹೊಸಬರಿಗೆ ಅದೇ ದೊಡ್ಡ ಅನುಕೂಲ.

ತೋಟಕ್ಕೆ ನೀರು ಬಿಡುವ ತೆಳು ಪೈಪು ಸಾಕು: ಹೊರವ್ಯಾಸ 50 ಮಿ.ಮೀ., ಒಳವ್ಯಾಸ ಸುಮಾರು 46. ಆರು ಮೀಟರಿನದ್ದನ್ನು ಅಂಗಡಿಯಲ್ಲೇ ಸರಿಯಾಗಿ ಎರಡು ತುಂಡು ಮಾಡಿಸಿ ತಂದೆವು. ಜೊತೆಗೆ ಹ್ಯಾಕ್ಸಾ, ಉಪ್ಪುಕಾಗದ, ಹಳೇ ಸೈಕಲ್ ಟ್ಯೂಬು, ಸವೆದ ಹವಾಯಿ ಚಪ್ಪಲಿ.

ಎಡವುವುದು ಲೆಕ್ಕದಲ್ಲಿ. ಎರಡೂ ಬಾಯಿ ತೆರೆದ ಪೈಪಿನ ಉದ್ದ ಎಂದರೆ ಶಬ್ದದ ವೇಗವನ್ನು ಆವೃತ್ತಿಯ (ಸೆಕೆಂಡಿಗೆ ಎಷ್ಟು ಕಂಪನ ಎಂಬುದರ) ಎರಡರಷ್ಟರಿಂದ ಭಾಗಿಸಿದ್ದು ಎಂದು ಮಕ್ಕಳು ಬರೆಯುತ್ತಾರೆ. ಆದರೆ ಕಂಪಿಸುವ ಗಾಳಿ ಬಾಯಿಯಿಂದ ಸ್ವಲ್ಪ ಹೊರಗೂ ಚಾಚಿರುತ್ತದೆ. ಹಾಗಾಗಿ ಒಳವ್ಯಾಸದ 0.6 ಪಾಲು, ಇಲ್ಲಿ 2.8 ಸೆಂ.ಮೀ., ಕಳೆಯಲೇಬೇಕು. ಮರೆತರೆ ಎಲ್ಲ ಸ್ವರ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಚಿಂತೆ ಇರಲಿಲ್ಲ; ಕೆಳಗಿನ ಸ ಶೇ. 2ರಷ್ಟು, ಮೇಲಿನ ಸ ಶೇ. 4ರಷ್ಟು ಇಳಿದು ರಾಗವೇ ಕುಗ್ಗುತ್ತದೆ. ವೇಗವೂ ಅಷ್ಟೆ. 20 ಡಿಗ್ರಿಯ, ಸೆಕೆಂಡಿಗೆ 343 ಮೀಟರ್ ನಮ್ಮ ಕರಾವಳಿಯ ಸೆಕೆಗೆ ಹೊಂದದು, 30 ಡಿಗ್ರಿಗೆ 349 ಹಿಡಿಯಬೇಕು.

ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಗೆ, ಅಂದರೆ 130.8 ಹರ್ಟ್ಸ್‌ಗೆ, ಬಂದ ಉದ್ದ ಸೆಂ.ಮೀ.ಗಳಲ್ಲಿ: ಸ 130.6, ರಿ 116.1, ಗ 103.1, ಪ 86.2, ದ 76.5, ಮೇಲಿನ ಸ 63.9. ಪ್ರತಿಯೊಂದನ್ನೂ ಇದಕ್ಕಿಂತ 1 ಸೆಂ.ಮೀ. ಹೆಚ್ಚು ಉದ್ದವಾಗಿಯೇ ಕೊಯ್ಯಿರಿ. ಒಂದು ತುಂಡಿನಲ್ಲಿ ಸ, ಪ, ದ. ಇನ್ನೊಂದರಲ್ಲಿ ರಿ, ಗ, ಮೇಲಿನ ಸ. ಸ, ಗ, ಮೇಲಿನ ಸ ಒಟ್ಟಿಗೆ ತೆಗೆಯಲು ಹೋದರೆ ಮೂರು ಮೀಟರಿಗೆ ಅರ್ಧ ಸೆಂ.ಮೀ.ಗಿಂತ ತುಸು ಹೆಚ್ಚು ಕೊರತೆ ಬೀಳುತ್ತದೆ! ಗೆರೆ ನೇರ ಬರಲು ಪೈಪಿಗೆ ಕಾಗದ ಸುತ್ತಿ ಅದರ ಅಂಚಿನಲ್ಲೇ ಪೆನ್ನು ಓಡಿಸಬೇಕು.

ಆಮೇಲೆ ಫೋನಿನ ಟ್ಯೂನರ್ ನೋಡುತ್ತಾ ಉಜ್ಜುವುದು. ನಾದ ಕ್ಷಣದಲ್ಲಿ ಆರುವುದರಿಂದ ನಾಲ್ಕೈದು ಸಲ ಬಡಿದೇ ಮುಳ್ಳನ್ನು ನಂಬಿ. ಕೆಳಗಿನ ಸ ಒಮ್ಮೊಮ್ಮೆ ಮೇಲಿನ ಸ ಎಂದು ತೋರಿಸುತ್ತದೆ, ಅದು ಫೋನಿನ ತಪ್ಪು. ಗಿಡ್ಡ ಪೈಪಿನಲ್ಲಿ ಕೈ ಹಿಡಿತವಿರಲಿ: 1 ಸೆಂ.ಮೀ. ಹೋದರೆ ಕೆಳಗಿನ ಸ ಏರುವುದಕ್ಕಿಂತ ಇಮ್ಮಡಿ ಮೇಲಿನ ಸ ಏರುತ್ತದೆ. ಜಾಸ್ತಿ ಉಜ್ಜಿಹೋದರೆ ಪೈಪು ಎಸೆಯಬೇಡಿ. ಹಳೇ ಎಕ್ಸ್‌ರೇ ಹಾಳೆಯನ್ನು ಹಿಂಬದಿಯ ಬಾಯಿಗೆ ಬಿಗಿಯಾಗಿ ಸುತ್ತಿ, ಬೇಕಾದಷ್ಟು ಹೊರಕ್ಕೆ ಎಳೆದು ಟೇಪು ಹಾಕಿದರಾಯಿತು.

ನೇರ ನಿಲ್ಲಿಸಿದರೆ ಉದ್ದದ ಪೈಪಿನ ಬಾಯಿ ಮಕ್ಕಳ ಕೈಗೆ ಅನುಕೂಲವಾಗಿ ಸಿಗುವುದಿಲ್ಲ. ಎರಡು ಡೆಸ್ಕಿನ ಮೇಲೆ ಅಡ್ಡ ಮಲಗಿಸಿ, ಬಾಯಿಗಳನ್ನು ಒಂದೇ ಸಾಲಿಗೆ ತಂದು, ನಡುವೆ ಟ್ಯೂಬಿನ ಪಟ್ಟಿ ಕೊಟ್ಟು ಬಿಗಿದೆವು. ಹಿಂಬದಿಯ ಬಾಯಿ ಗೋಡೆಯಿಂದ ಒಂದು ಗೇಣಾದರೂ ದೂರವಿರಲಿ. ತೀರಾ ಹತ್ತಿರವಾದರೆ ಸ್ವರ ಇಳಿಯುತ್ತದೆ.

ಹುಲಿವೇಷದ ತಾಸೆ ಕೇಳಿ ಬೆಳೆದ ಮಕ್ಕಳು, ಬಡಿ ಎಂದರೆ ಬಲ ಹಾಕಿಯೇ ಬಡಿಯುತ್ತಾರೆ. ಬಲ ಬೇಡ, ಚಪ್ಪಲಿ ತಾಗಿದ ಕೂಡಲೇ ಹಿಂದೆ ಬರಬೇಕು. ಬಾಯಿಯ ಮೇಲೆ ಅದು ಕೂತರೆ ಒಂದು ಬದಿ ಮುಚ್ಚಿದಂತಾಗಿ ಸ್ವರ ಸುಮಾರು ಒಂದು ಸ್ಥಾಯಿ ಕೆಳಗೆ ಬಿದ್ದು ಮಂಕಾಗುತ್ತದೆ. ಹಾರ್ಮೋನಿಯಂ ಜೊತೆ ನುಡಿಸುವುದಾದರೆ ಕಾರ್ಯಕ್ರಮದ ಹೊತ್ತಿನ ಸೆಕೆಯಲ್ಲೇ ಶ್ರುತಿ ಮಾಡಿ. ಬೆಳಗ್ಗೆ 25 ಡಿಗ್ರಿಯಲ್ಲಿ ಸರಿಮಾಡಿದ್ದು ಮಧ್ಯಾಹ್ನ 33ಕ್ಕೆ ಅರೆಸ್ವರದ (ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ಅಂತರದ) ಕಾಲು ಭಾಗದಷ್ಟು ಏರಿರುತ್ತದೆ.