ಎಡ್ಜ್ ಸರ್ವರ್‌ಗಳ ಮಧ್ಯೆ ಲೋಡ್ ಹಂಚೋದು ಹೇಗೆ

ಎಡ್ಜ್ ಸರ್ವರ್ ಅಂದ್ರೆ ಫೋನ್ ಕಳಿಸೋ ಕೆಲಸಾನ ದೂರದ ಡೇಟಾ ಸೆಂಟರ್ ಬದಲು ಹತ್ರದಲ್ಲೇ ಮಾಡೋಕೆ ಮೊಬೈಲ್ ಟವರ್ ಪಕ್ಕ ಇಟ್ಟಿರೋ ಸರ್ವರ್. ಇಂಥ ಒಂದೊಂದು ಎಡ್ಜ್ ಸೈಟಲ್ಲೂ ಮಷೀನ್‌ಗಳೇ ಕಮ್ಮಿ, ಹಾಗಾಗಿ ಹತ್ತಿರದ್ದಕ್ಕೇ ಎಲ್ಲಾ ಕೆಲಸ ತಳ್ಳಿದ್ರೆ ಜನ ಸೇರಿರೋ ಕಡೆ ಕ್ಯೂ ಬೆಳೀತಾ ಹೋಗತ್ತೆ, ಪಕ್ಕದ ಸೈಟು ಸುಮ್ನೆ ಕೂತಿರತ್ತೆ.

ಮೊದಲು ಕೆಲಸಾನ ಫೋನಿಂದ ಸರ್ವರಿಗೆ ಕಳಿಸ್ಬೇಕಾ ಬೇಡ್ವಾ ನೋಡಿ. ಕಳಿಸೋ ಟೈಮು, ಕ್ಯೂನಲ್ಲಿ ಕಾಯೋ ಟೈಮು, ಪ್ರೋಸೆಸ್ ಆಗೋ ಟೈಮು ಮೂರನ್ನೂ ಕೂಡಿಸಿ, ಫೋನೇ ಮಾಡೋಕೆ ಹಿಡಿಯೋ ಟೈಮಿಗೆ ಹೋಲಿಸಿ. 2 ಎಂಬಿ (ಅಂದ್ರೆ 16 ಮೆಗಾಬಿಟ್) ಫೋಟೋನ ಸೆಕೆಂಡಿಗೆ 20 ಮೆಗಾಬಿಟ್ ಹೋಗೋ ಅಪ್‌ಲಿಂಕಲ್ಲಿ ಕಳಿಸೋಕೇ 0.8 ಸೆಕೆಂಡ್ ಬೇಕು, ಫೋನೇ ಅರ್ಧ ಸೆಕೆಂಡಲ್ಲಿ ಮುಗಿಸೋದಾದ್ರೆ ಸರ್ವರ್ ತಂಟೆಗೇ ಹೋಗ್ಬೇಡಿ.

ಇನ್ನು ಯಾವ ಸರ್ವರ್ ಅನ್ನೋದು. ಎಲ್ಲಕ್ಕಿಂತ ಕಮ್ಮಿ ಲೋಡ್ ಇರೋದಕ್ಕೆ ಕಳಿಸೋಣ ಅಂತ ಎಲ್ರಿಗೂ ಅನ್ಸತ್ತೆ, ಆದ್ರೆ ಆ ಮಾಹಿತಿ ಒಂದೆರಡು ಸೆಕೆಂಡ್ ಹಳೇದಾದ್ರೂ ಸಾಕು, ಎಲ್ಲಾ ಕಡೆಯಿಂದ ಅದೊಂದರ ಮೇಲೇ ಮುಗಿಬೀಳ್ತಾರೆ, ಆಮೇಲೆ ಮುಂದಿನದರ ಮೇಲೆ. ಅದರ ಬದಲು ರ್‍ಯಾಂಡಮ್ಮಾಗಿ ಎರಡು ಸರ್ವರ್ ಆರಿಸಿ, ಕ್ಯೂ ಚಿಕ್ಕದಿರೋದಕ್ಕೆ ಕೊಡಿ. ಪೆದ್ದು ಐಡಿಯಾ ಥರ ಕಾಣತ್ತೆ, ಆದ್ರೆ ಬರೀ ರ್‍ಯಾಂಡಮ್‌ಗಿಂತ ಎಷ್ಟೋ ವಾಸಿ. ಸಿಪಿಯು ಪರ್ಸೆಂಟ್ ಒಂದನ್ನೇ ನಂಬ್ಬೇಡಿ, 100% ತೋರಿಸೋವಾಗ ಹಿಂದೆ ಕಾಯ್ತಿರೋದು ಎರಡೋ ಇನ್ನೂರೋ ಗೊತ್ತಾಗಲ್ಲ.

ಯೂಸರ್ ಓಡಾಡ್ತಾ ಟವರ್ ಬದಲಾಯಿಸಿದ ತಕ್ಷಣ ಕೆಲಸಾನೂ ಎತ್ತಂಗಡಿ ಮಾಡ್ಬೇಡಿ. ಚಿಕ್ಕ ಕೆಲಸ ಆದ್ರೆ ಹಳೇ ಸರ್ವರಲ್ಲೇ ಮುಗಿಸಿ ರಿಸಲ್ಟ್ ಮಾತ್ರ ಫಾರ್ವರ್ಡ್ ಮಾಡಿ, ಗೇಮಿಂಗ್ ಥರ ಉದ್ದದ ಸೆಷನ್ ಆದ್ರೆ ಹೊಸ ಸರ್ವರ್‌ನಿಂದ ಸಿಗೋ ಲಾಭ ಮೈಗ್ರೇಷನ್ ಖರ್ಚಿಗಿಂತ ಚೆನ್ನಾಗೇ ಜಾಸ್ತಿ ಇದ್ದಾಗ ಮಾತ್ರ ಸಾಗಿಸಿ, ಇಲ್ಲಾಂದ್ರೆ ಎರಡು ಟವರ್ ಬಾರ್ಡರಲ್ಲಿ ಇರೋನ ಸೆಷನ್ ಆಕಡೆ ಈಕಡೆ ಓಡಾಡ್ತಾನೇ ಇರತ್ತೆ.