ಹಳೆಯ ಕೋರ್ಟ್ ದಾಖಲೆಯ ನಕಲು ಪಡೆಯುವ ಬಗೆ: ದಾವಣಗೆರೆ, ಚಿತ್ರದುರ್ಗದವರಿಗಾಗಿ

ಪಾಲು ವಿಭಾಗದ ಡಿಕ್ರಿ (ಸಿವಿಲ್ ದಾವೆಯ ತೀರ್ಪಿನಂತೆ ಹೊರಡುವ ವಿಧ್ಯುಕ್ತ ಆದೇಶ) ಇರಲಿ, ಖುಲಾಸೆಯಾದ ಕ್ರಿಮಿನಲ್ ಪ್ರಕರಣದ ತೀರ್ಪಿರಲಿ, ಅದರ ನಕಲು ಬೇಕೆಂದರೆ ಪ್ರಕರಣ ನಡೆದ ನ್ಯಾಯಾಲಯ, ಪ್ರಕರಣದ ಸಂಖ್ಯೆ ಮತ್ತು ವರ್ಷ ಗೊತ್ತಿರಬೇಕು. ಇಷ್ಟು ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಈಚಿನ ಪ್ರಕರಣಗಳನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಅದರ ಮೊಬೈಲ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ಜಿಲ್ಲೆ ಮತ್ತು ನ್ಯಾಯಾಲಯ ಸಂಕೀರ್ಣವನ್ನು ಆರಿಸಿ, ಕಕ್ಷಿದಾರರ ಹೆಸರು ಹಾಗೂ ವರ್ಷವನ್ನು ನಮೂದಿಸಬೇಕು. ತಿಪ್ಪೇಸ್ವಾಮಿಯಂಥ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದರಿಂದ, ಪೂರ್ತಿ ಹೆಸರಿನಲ್ಲಿ ಸಿಗದಿದ್ದರೆ ಅದರ ಒಂದು ಭಾಗವನ್ನಷ್ಟೇ ಕೊಟ್ಟು ನೋಡಿ. ಪ್ರಕರಣ ಸಿಕ್ಕ ಕೂಡಲೇ ಅದರ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆಯನ್ನು (ಪ್ರತಿ ಪ್ರಕರಣಕ್ಕೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಅಲ್ಲಿಂದ ಇಳಿಸಿಕೊಂಡ ತೀರ್ಪು ಓದಿ ತಿಳಿಯಲು ಸಾಕು. ಕಚೇರಿಗಳಿಗೆ ಅಥವಾ ಮೇಲ್ಮನವಿಗೆ ಹಾಜರುಪಡಿಸಲು ನ್ಯಾಯಾಲಯವೇ ಸಹಿ, ಮೊಹರು ಹಾಕಿ ಕೊಡುವ ದೃಢೀಕೃತ ನಕಲೇ ಬೇಕು.

ತೊಡಕಿರುವುದು ಹಳೆಯ ಪ್ರಕರಣಗಳಲ್ಲಿ. ತಾತನ ಕಾಲದ ಒ.ಎಸ್. ನಂಬರ್ (ಮೂಲ ಸಿವಿಲ್ ದಾವೆಯ ಸಂಖ್ಯೆ) ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ, ಆ ಜಮೀನಿನ ಪಹಣಿಯಲ್ಲಿ ಕಾಣುವ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ಸಂಖ್ಯೆಯನ್ನು ಹಿಡಿದು ತಾಲ್ಲೂಕು ಕಚೇರಿಯಿಂದ ಮ್ಯುಟೇಷನ್, ಅಂದರೆ ಖಾತೆ ಬದಲಾವಣೆಯ, ದಾಖಲೆಯ ನಕಲು ತೆಗೆಸಿ. ಖಾತೆ ಡಿಕ್ರಿಯ ಆಧಾರದ ಮೇಲೆ ಬದಲಾಗಿದ್ದರೆ ದಾವೆಯ ಸಂಖ್ಯೆ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಇದಕ್ಕಿಂತ ಭರವಸೆಯ ದಾರಿ ನನಗೆ ಕಂಡಿಲ್ಲ. ಇನ್ನೊಂದು ವಿಷಯವನ್ನು ನಮ್ಮ ಭಾಗದವರು ಮರೆಯಬಾರದು: ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೂ, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೂ ಸೇರಿದ್ದವು. ಹಾಗಾಗಿ ಆ ಕಾಲದ ಮೇಲ್ಮನವಿ ಅಥವಾ ಸೆಷನ್ಸ್ ಪ್ರಕರಣವನ್ನು ಹುಡುಕುವವರು ಹಳೆಯ ಜಿಲ್ಲಾ ಕೇಂದ್ರದ ರೆಕಾರ್ಡ್ ರೂಮಿನಲ್ಲೂ ವಿಚಾರಿಸಬೇಕು. ಎರಡೂ ಜಿಲ್ಲೆಗಳ ಹೈಕೋರ್ಟ್ ವ್ಯವಹಾರ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರಿದ್ದು, ಹತ್ತಿರವಿದೆಯೆಂದು ಧಾರವಾಡಕ್ಕೆ ಹೋಗಿ ಪ್ರಯೋಜನವಿಲ್ಲ. ಗೇಣಿದಾರರ ಭೂಮಿಯ ಹಕ್ಕನ್ನು ತೀರ್ಮಾನಿಸಿದ ಭೂ ನ್ಯಾಯಮಂಡಳಿಯ ಆದೇಶ ಬೇಕಿದ್ದವರು ಕೋರ್ಟಿಗಲ್ಲ, ತಾಲ್ಲೂಕು ಕಚೇರಿಗೆ ಹೋಗಬೇಕು.

ವಿವರ ಸಿಕ್ಕ ಮೇಲೆ, ಆಯಾ ನ್ಯಾಯಾಲಯದ ನಕಲು ವಿಭಾಗಕ್ಕೆ ನಿಗದಿತ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬೇಕು. ಇಡೀ ಕಡತ ಬೇಕೆಂದು ಬರೆಯದೆ, ತೀರ್ಪು, ಡಿಕ್ರಿ, ಆರ್ಡರ್ ಶೀಟ್ (ದಿನದಿನದ ನಡಾವಳಿಯ ಹಾಳೆ), ಸಾಕ್ಷ್ಯವಾಗಿ ನಿಶಾನೆ ಮಾಡಿದ ಇಂಥ ದಾಖಲೆ ಎಂದು ಬಿಡಿಸಿ ಹೇಳುವುದು ಒಳ್ಳೆಯದು. ಕಕ್ಷಿದಾರರಲ್ಲದವರೂ ಕೇಳಬಹುದು, ಆದರೆ ಯಾವ ಕಾರಣಕ್ಕೆ ಬೇಕೆಂಬುದನ್ನು ಪ್ರಮಾಣಪತ್ರದ (ಅಫಿಡವಿಟ್) ಮೂಲಕ ತಿಳಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕಾಗುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಇಲ್ಲಿ ನಡೆಯುವುದಿಲ್ಲ: ನ್ಯಾಯಾಂಗ ಕಡತಗಳ ನಕಲನ್ನು ನ್ಯಾಯಾಲಯದ ನಿಯಮಗಳ ಪ್ರಕಾರವೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ನೀಡಿದೆ. ವಕೀಲರಿಗೆ ಕೊಡಲು ಹಣವಿಲ್ಲದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಸಂಕೋಚಪಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬೇಕು. 1987ರ ಕಾಯ್ದೆಯಡಿ ಉಚಿತ ನೆರವು ಪಡೆಯುವುದು ಅವರ ಹಕ್ಕು.

ನಕಲು ಕೈಗೆ ಬಂದಾಗ ಪ್ರತಿ ಪುಟವನ್ನೂ ತಿರುವಿ ನೋಡಿ, ಕೊನೆಯಲ್ಲಿ ಅಧಿಕಾರಿಯ ಸಹಿ, ಮೊಹರು ಮತ್ತು ದಿನಾಂಕಗಳಿವೆಯೇ ಎಂದು ಪರಿಶೀಲಿಸಿ. ಅರ್ಜಿ ಕೊಟ್ಟ ದಿನ ಮತ್ತು ನಕಲು ಸಿದ್ಧವಾದ ದಿನ ಸ್ಪಷ್ಟವಾಗಿರಬೇಕು. ಏಕೆಂದರೆ 1963ರ ಕಾಲಮಿತಿ ಕಾಯ್ದೆಯ 12ನೇ ಕಲಮಿನಂತೆ, ನಕಲು ಪಡೆಯಲು ಬೇಕಾದ ಸಮಯವನ್ನು ಮೇಲ್ಮನವಿಯ ಅವಧಿಯಿಂದ ಕಳೆಯುವಾಗ ಲೆಕ್ಕಕ್ಕೆ ಬರುವುದು ಆ ದಿನಾಂಕಗಳೇ.